ಸಿರಿಯಾ: ಮಳೆಗೆ ಬೈದರೆ ಆಯಿತೇ?

ಸಿರಿಯಾದ ಮಾತು ಬಂದರೆ ನಮ್ಮಲ್ಲಿ ಹೆಚ್ಚಿನವರು 'ಅದು ಸುನ್ನಿ-ಶಿಯಾ ಜಗಳ' ಅಂತ ಮುಗಿಸಿಬಿಡುತ್ತೇವೆ. ಕೆಲವರು ಹೊರದೇಶದ ಪಿತೂರಿ ಅಂತಾರೆ. ಅಸದ್ ಹೇಳಿದ್ದೂ ಅದನ್ನೇ. ಇನ್ನು ಕೆಲವು ತಜ್ಞರು ಬರಗಾಲವೇ ಕಾರಣ ಅಂತಾರೆ.

ಬರಗಾಲ ಸುಳ್ಳಲ್ಲ. 2006ರ ನಂತರ ಈಶಾನ್ಯದ ಹಸಕಾದಲ್ಲಿ ಗೋಧಿ ಒಣಗಿತು, ಸಂಸಾರ ಸಮೇತ ಜನ ಊರು ಬಿಟ್ಟರು. ಆದರೆ 2008ರಲ್ಲಿ ಡೀಸೆಲ್ ಸಬ್ಸಿಡಿ ಇಳಿಸಿ, ರೈತ ಪಂಪು ನಡೆಸಲಾಗದ ಹಾಗೆ ಮಾಡಿದ್ದು ಸರಕಾರವೇ ಅಲ್ವಾ? ನೀರಿನ ಬರ ಪಕ್ಕದ ಜೋರ್ಡಾನಿಗೂ ಇತ್ತು. ಅಲ್ಲಿ ಯುದ್ಧ ಆಗಲಿಲ್ಲ.

ದರಾ ಪಟ್ಟಣದಲ್ಲಿ ಗೋಡೆ ಮೇಲೆ ಬರೆದ ಶಾಲಾ ಮಕ್ಕಳನ್ನು ಹಿಡಿದು ಚಿತ್ರಹಿಂಸೆ ಕೊಟ್ಟರು. 2011ರ ಮಾರ್ಚಿನಲ್ಲಿ, ಮಕ್ಕಳನ್ನು ಬಿಡಿ ಅಂತ ಬೀದಿಗಿಳಿದವರ ಮೇಲೆ ಗುಂಡು ಹಾರಿಸಿದರು. ಹೊರಗಿನ ಹಣ, ಆಯುಧ, ಪಂಗಡದ ದ್ವೇಷ ಯುದ್ಧವನ್ನು ಬೆಳೆಸಿದ್ದು ನಿಜ. ಅವೆಲ್ಲ ಜೋರಾದದ್ದು ಆಮೇಲೆ. ಮಳೆಗೆ ಬೈಯುತ್ತಾ ಕೂತರೆ, ಆವತ್ತು ಗುಂಡಿಗೆ ಆದೇಶ ಕೊಟ್ಟವರನ್ನು ಕೇಳುವವರು ಯಾರು?