ಗೌಂಡಿಯ ಕೈಗೆ ಎಷ್ಟು ಶೇಕಡಾ?

ಇಂಡಿ ತಾಲ್ಲೂಕಿನ ಹಳ್ಳಿಯೊಂದರಿಂದ ಬಿ.ಎ. ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರು ಬರೆದಿದ್ದಾರೆ: "ನಮ್ಮಪ್ಪ ಗೌಂಡಿ. ವಯಸ್ಸು 40. ಪುಣೆಯಲ್ಲಿ ಸಾರವೆಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆಪರೇಷನ್ ಆಗಿ ಎಂಟು ತಿಂಗಳಾದರೂ ಬೆರಳು ಪೂರ್ತಿ ಮಡಚುವುದಿಲ್ಲ. ಗುತ್ತಿಗೆದಾರರು ತೋರಿಸಿದ ಡಾಕ್ಟರು ಶೇಕಡಾ 10 ಊನ ಎಂದು ಬರೆದಿದ್ದಾರೆ. ಒಂದಿಷ್ಟು ಹಣ ತಗೊಂಡು ಕಾಗದಕ್ಕೆ ಸಹಿ ಮಾಡಿ ಎನ್ನುತ್ತಾರೆ. ಬೇರೆ ಡಾಕ್ಟರಿಗೆ ತೋರಿಸಿದರೆ ತಪ್ಪಾದೀತೆ? ನಾನು ಕಾಲೇಜು ಬಿಟ್ಟು ದುಡಿಯಲು ಹೋಗಬೇಕೆಂದಿದ್ದೇನೆ."

ಇಂಥ ಪತ್ರ ಇಂಡಿಯದೇ ಆಗಬೇಕಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿಯ ಎಷ್ಟೋ ಮನೆಗಳ ಹಿರಿಯರು ಗೋವಾ, ಮಹಾರಾಷ್ಟ್ರದ ಕಟ್ಟಡಗಳಲ್ಲಿ ದುಡಿಯುತ್ತಾರೆ. ಆದ್ದರಿಂದ ಉತ್ತರವನ್ನು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲ ಮಾತು: ಬೇರೆ ಡಾಕ್ಟರಿಗೆ ತೋರಿಸುವುದು ತಪ್ಪಲ್ಲ. ಆದರೆ ಮಾಲೀಕರು ತಮ್ಮ ಖರ್ಚಿನಲ್ಲಿ ಪರೀಕ್ಷೆಗೆ ಕರೆದಾಗ 'ಬರುವುದಿಲ್ಲ' ಎನ್ನಬಾರದು. 1923ರ ಕಾಯ್ದೆಯ 11ನೇ ಕಲಮಿನಂತೆ, ಕಾರಣವಿಲ್ಲದೆ ನಿರಾಕರಿಸಿದರೆ ಪರಿಹಾರದ ಹಕ್ಕು ಅಷ್ಟು ದಿನ ತಡೆಹಿಡಿಯಲ್ಪಡುತ್ತದೆ. ನಿಮ್ಮಪ್ಪ ಹೋಗಿ ಬಂದಿದ್ದಾರೆ, ಒಳ್ಳೆಯದೇ ಆಯಿತು. ಆ ಡಾಕ್ಟರ ಅಭಿಪ್ರಾಯ ಒಂದು ಸಾಕ್ಷ್ಯ ಮಾತ್ರ, ತೀರ್ಪಲ್ಲ. ಅದಕ್ಕೆ ಎದುರು ನಿಮ್ಮ ಸಾಕ್ಷ್ಯವನ್ನು ನೀವು ಇಡಬಹುದು.

ಈ ಶೇಕಡಾ ಏಕೆ ಅಷ್ಟು ಮುಖ್ಯ? ಸ್ವಲ್ಪ ಲೆಕ್ಕ ಮಾಡೋಣ. ತಿಂಗಳ ಕೂಲಿ 15,000 ರೂಪಾಯಿ ಎಂದು ಹಿಡಿಯಿರಿ. ಅದರ ಶೇಕಡಾ 60 ಎಂದರೆ 9,000. ನಲವತ್ತು ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಗುಣಕ 184.17. ಗುಣಿಸಿದರೆ 16,57,530 ರೂಪಾಯಿ. ಇದು ಗಳಿಕೆಯ ಶಕ್ತಿ ಪೂರ್ತಿ ಹೋದಾಗಿನ ಮೊತ್ತ. ಶೇಕಡಾ 10 ಎಂದರೆ 1,65,753. ಶೇಕಡಾ 40 ಎಂದರೆ 6,63,012. ಡಾಕ್ಟರು ಬರೆಯುವ ಒಂದು ಅಂಕಿಯಲ್ಲಿ ನಿಮ್ಮ ಓದು, ತಂಗಿಯ ಓದು ಎಲ್ಲ ಅಡಗಿದೆ.

ಕೆಲವು ಗಾಯಗಳಿಗೆ ಕಾನೂನೇ ಶೇಕಡಾ ಗೊತ್ತುಮಾಡಿದೆ. ಹೆಬ್ಬೆರಳು ಹೋದರೆ 30, ಒಂದು ಕೈಯ ನಾಲ್ಕು ಬೆರಳು ಹೋದರೆ 50. ಮುರಿದು ಕೂಡಿದ ಮಣಿಕಟ್ಟು ಆ ಪಟ್ಟಿಯಲ್ಲಿಲ್ಲ. ಅಂಥ ಕಡೆ ಅರ್ಹ ವೈದ್ಯರ ಅಂದಾಜೇ ಆಧಾರ. ಎರಡನೇ ಅಭಿಪ್ರಾಯಕ್ಕೆ ಬೆಲೆ ಬರುವುದು ಇಲ್ಲಿಯೇ.

ಇನ್ನೊಂದು ಸೂಕ್ಷ್ಮವಿದೆ. ಕೈಯ ಊನ ಬೇರೆ, ಗಳಿಕೆಯ ನಷ್ಟ ಬೇರೆ. ಒಡಿಶಾದ ಜೇಪುರದಲ್ಲಿ 1968ರಲ್ಲಿ ಸಿನಿಮಾ ಮಂದಿರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬ ಬಿದ್ದು ಎಡಗೈ ಕಳೆದುಕೊಂಡ. ಪಟ್ಟಿಯ ಪ್ರಕಾರ ಇದು ಭಾಗಶಃ ಊನವಷ್ಟೇ ಎಂದು ಮಾಲೀಕರು ವಾದಿಸಿದರು. ಒಂದೇ ಕೈಯಿಂದ ಬಡಗಿ ಕೆಲಸ ಆಗದು, ಆದ್ದರಿಂದ ನಷ್ಟ ನೂರಕ್ಕೆ ನೂರು ಎಂಬ ನಿರ್ಣಯವನ್ನು 1975ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. 2010ರಲ್ಲಿ ರಾಜ್‌ಕುಮಾರ್ ವಿರುದ್ಧ ಅಜಯ್‌ಕುಮಾರ್ ಎಂಬ ವಾಹನ ಅಪಘಾತದ ಪ್ರಕರಣದಲ್ಲೂ ಅದೇ ಕೋರ್ಟು ಗುಮಾಸ್ತನ ಕೈಗೂ ಬಡಗಿಯ ಕೈಗೂ ಇರುವ ಅಂತರವನ್ನು ಬಿಡಿಸಿ ಹೇಳಿತು. ಚಿಕಿತ್ಸೆಯನ್ನೇ ಮಾಡದೆ ಧಾರಾಳವಾಗಿ ಸರ್ಟಿಫಿಕೇಟು ಬರೆಯುವ ವೈದ್ಯರ ಬಗ್ಗೆಯೂ ಎಚ್ಚರಿಸಿತು.

ಆದ್ದರಿಂದ 'ಹೆಚ್ಚು ಬರೆದುಕೊಡುವ ಡಾಕ್ಟರು ಯಾರು?' ಎಂದು ಹುಡುಕಬೇಡಿ. ಪಾಟೀ ಸವಾಲಿನಲ್ಲಿ ಅಂಥ ಕಾಗದ ನಿಲ್ಲುವುದಿಲ್ಲ. ಆಪರೇಷನ್ ಮಾಡಿದ ವೈದ್ಯರನ್ನು ಮೊದಲು ಕೇಳಿ. ಅದಾಗದಿದ್ದರೆ ವಿಜಯಪುರದ ಜಿಲ್ಲಾ ಆಸ್ಪತ್ರೆಯ ಎಲುಬು ತಜ್ಞರಿಗೆ ತೋರಿಸಿ. ಡಿಸ್‌ಚಾರ್ಜ್ ಕಾರ್ಡು, ಹಳೆಯ ಮತ್ತು ಹೊಸ ಎಕ್ಸ್‌ರೇ, ಔಷಧದ ಚೀಟಿಗಳು, ಮೊದಲ ಡಾಕ್ಟರ ವರದಿಯ ನಕಲು, ಎಲ್ಲ ಒಯ್ಯಿರಿ. ಮೊದಲ ವರದಿಯನ್ನು ಮುಚ್ಚಿಡಬೇಡಿ. ಬರಿಯ ಅಂಕಿ ಸಾಲದು; ಅಪ್ಪ ಕರಣಿ ಹಿಡಿಯಬಲ್ಲರೆ, ಕಲ್ಲು ಎತ್ತಬಲ್ಲರೆ, ಸಾರವೆ ಏರಬಲ್ಲರೆ ಎಂಬುದನ್ನು ವರದಿಯಲ್ಲಿ ಬರೆಯಲು ವಿನಂತಿಸಿ. ಬೇಕಾದರೆ ಸಾಕ್ಷಿ ಹೇಳಲು ಬರುವಿರಾ ಎಂದೂ ಕೇಳಿಕೊಳ್ಳಿ. ವೈದ್ಯರು ಹೇಳಿದ ವ್ಯಾಯಾಮ ತಪ್ಪಿಸಬಾರದು. ಅಲಕ್ಷ್ಯದಿಂದ ಹೆಚ್ಚಾದ ಊನಕ್ಕೆ ಪರಿಹಾರ ಸಿಗುವುದಿಲ್ಲ.

ಇಬ್ಬರು ವೈದ್ಯರೂ ಶೇಕಡಾ 10 ಎಂದರೆ? ಆಗ ಅದನ್ನು ಒಪ್ಪಿಕೊಳ್ಳುವ ಮನಸ್ಸೂ ಇರಬೇಕು. ಎರಡನೇ ಅಭಿಪ್ರಾಯ ಇರುವುದು ಸತ್ಯ ತಿಳಿಯಲಿಕ್ಕೆ, ಬಯಸಿದ್ದನ್ನು ಕೇಳಲಿಕ್ಕಲ್ಲ.

ಸಹಿಯ ವಿಷಯ. ಈಗಲೇ ಮಾಡಬೇಡಿ. ಹಕ್ಕು ಬಿಟ್ಟುಕೊಡುವ ಕರಾರನ್ನು 1923ರ ಕಾಯ್ದೆ ಅಸಿಂಧು ಎಂದಿತ್ತು. ಮೊತ್ತದ ಒಪ್ಪಂದವಾದರೆ ಅಧಿಕಾರಿಯ ಬಳಿ ನೋಂದಣಿಯಾಗಬೇಕೆಂದೂ ಹೇಳಿತ್ತು. 2025ರ ನವೆಂಬರ್ 21ರಿಂದ 2020ರ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ. ಅಪಘಾತದ ದಿನ ನೋಡಿ ಯಾವ ಕಾನೂನು ಅನ್ವಯಿಸುತ್ತದೆಂದು ವಕೀಲರು ಹೇಳುತ್ತಾರೆ. ಹಳೆಯ ಕಾಯ್ದೆಯಲ್ಲಿ ಅರ್ಜಿಗೆ ಎರಡು ವರ್ಷದ ಗಡುವಿತ್ತು. ನೀವು ಅದರ ಅಂಚಿನವರೆಗೆ ಕಾಯಬೇಡಿ. ಪುಣೆಗೆ ಓಡಾಡಬೇಕೆಂಬ ಅಂಜಿಕೆಯೂ ಬೇಡ. ಕಾರ್ಮಿಕ ವಾಸಿಸುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ಹಾಕಲು ಅವಕಾಶವಿದೆ. ಅಪ್ಪನಿಗೆ ಇಎಸ್‌ಐ ಇದ್ದರೆ ಮಾತ್ರ ದಾರಿ ಬೇರೆ; ಅಲ್ಲಿ ವೈದ್ಯಕೀಯ ಮಂಡಳಿ ಶೇಕಡಾ ನಿರ್ಧರಿಸುತ್ತದೆ, ಅದಕ್ಕೂ ಮೇಲ್ಮನವಿ ಉಂಟು.

ವಕೀಲರ ಫೀಜಿನ ಚಿಂತೆಯೇ? ನಿಮ್ಮ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಉಚಿತ ನೆರವಿಗೆ ಅರ್ಜಿ ಕೊಡಿ. ಮನೆಯಲ್ಲಿ ಅಕ್ಷರ ಬಲ್ಲವರು ನೀವು. ಕಾಗದಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಂದು ಕಡತ ಮಾಡಿ. ಜೊತೆ ಕೆಲಸಗಾರರ ಹೆಸರು, ಕೂಲಿ ಕೊಟ್ಟ ಲೆಕ್ಕ ಬರೆದಿಡಿ. ಅಪ್ಪನಿಗೆ ಇವತ್ತು ಬೇಕಾಗಿರುವುದು ಈ ಸಹಾಯ. ಕಾಲೇಜು ಬಿಡುವ ಮಾತನ್ನು ಎರಡನೇ ಡಾಕ್ಟರ ವರದಿ ಕೈಗೆ ಬರುವವರೆಗಾದರೂ ಮುಂದೆ ಹಾಕಿ.