ಕಡಲತಡಿಯ ಸಂಸಾರ

ಉದ್ಯೋಗದಿಂದ ನಿವೃತ್ತರಾಗಲಿರುವ ಬಯಲುಸೀಮೆಯ ವಾಚಕರೊಬ್ಬರು ಈ ಪುಟಕ್ಕೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ದಂಪತಿಗಳಿಬ್ಬರೂ ಡಿಸೆಂಬರು ತಿಂಗಳಲ್ಲಿ ಮಂಗಳೂರು, ಉಡುಪಿಗಳ ಕಡೆ ಹತ್ತು ದಿನ ಇದ್ದು ಹೋದರಂತೆ. ಕಡಲಿನ ಗಾಳಿ, ತೆಂಗಿನ ತೋಟ, ರುಚಿಯಾದ ಊಟ ಇವುಗಳಿಗೆ ಮನಸೋತು, ಜೀವಮಾನದ ಉಳಿತಾಯವನ್ನೆಲ್ಲ ತೊಡಗಿಸಿ ಅಲ್ಲಿಯೇ ಒಂದು ಮನೆಯನ್ನು ಕೊಳ್ಳಬೇಕೆಂಬುದು ಪತಿಯ ಇಚ್ಛೆ. ಸೆಕೆಗೆ ಅಂಜಿ ಪತ್ನಿಯು ಸಮ್ಮತಿಸುತ್ತಿಲ್ಲ. ಇಬ್ಬರಲ್ಲಿ ಯಾರ ಮಾತು ಸರಿ ಎಂಬುದು ಪ್ರಶ್ನೆ. ದಂಪತಿಗಳ ವ್ಯಾಜ್ಯದಲ್ಲಿ ಮೂರನೆಯವರು ತೀರ್ಪು ಹೇಳುವುದು ಎಷ್ಟು ಅಪಾಯಕರವೆಂಬುದನ್ನು ಬಲ್ಲೆವು. ಆದರೂ ಕರಾವಳಿಯಲ್ಲಿಯೇ ಹುಟ್ಟಿ ಬೆಳೆದವರ ಕರ್ತವ್ಯವೆಂದು ತಿಳಿದು ಕೆಲವು ಸಂಗತಿಗಳನ್ನು ಬರೆಯುತ್ತೇವೆ.

ಮೊದಲು ಸೆಕೆಯ ವಿಚಾರ. ಉಷ್ಣಮಾಪಕವನ್ನೇ ನಂಬುವುದಾದರೆ ಆ ತಾಯಿಯವರ ಅಂಜಿಕೆಗೆ ಆಧಾರವಿಲ್ಲ. ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಗಳ ಹಗಲು 40 ಡಿಗ್ರಿಯನ್ನು ಮುಟ್ಟುತ್ತದೆ. ಮಂಗಳೂರಿನಲ್ಲಾದರೋ ವರ್ಷದ ಹನ್ನೆರಡು ತಿಂಗಳಲ್ಲಿಯೂ ಹಗಲಿನ ಸರಾಸರಿ ಉಷ್ಣತೆ ಸುಮಾರು 28ರಿಂದ 34 ಡಿಗ್ರಿಗಳೊಳಗೆ ಅಡಗಿರುತ್ತದೆ. ಆದರೆ ದೇಹಕ್ಕೆ ತಿಳಿಯುವ ಸೆಕೆಯೇ ಬೇರೆ. ನಮ್ಮ ಗೃಹಿಣಿಯರಿಗೆ ಮಣ್ಣಿನ ಹೂಜಿಯ ದೃಷ್ಟಾಂತದಿಂದ ಇದನ್ನು ತಿಳಿಸುವುದು ಸುಲಭ. ರಾಯಚೂರಿನ ಹೂಜಿಯಲ್ಲಿ ನೀರು ತಣ್ಣಗಿರುವುದೇಕೆ? ಹೂಜಿಯ ಮೈಯಿಂದ ಒಸರಿದ ನೀರು ಒಣಗಾಳಿಗೆ ಆವಿಯಾಗುತ್ತ ಒಳಗಿನ ಬಿಸಿಯನ್ನು ಕೊಂಡೊಯ್ಯುತ್ತದೆ. ಅದೇ ಹೂಜಿಯನ್ನು ಉಡುಪಿಗೆ ತಂದಿಟ್ಟರೆ ನೀರು ಅಷ್ಟು ತಣಿಯದು. ಗಾಳಿಯಲ್ಲಿ ಮೊದಲೇ ನೀರು ತುಂಬಿರುವುದರಿಂದ ಹೊಸದಾಗಿ ಆವಿಯನ್ನು ಹೀರಿಕೊಳ್ಳಲು ಅದಕ್ಕೆ ತೆರಪಿಲ್ಲ. ಮನುಷ್ಯನ ಶರೀರವೂ ಒಂದು ಹೂಜಿಯೇ. ಬೆವರು ಬರುತ್ತದೆ, ಆರುವುದಿಲ್ಲ. ಮಿಂದು ಬಂದ ಕಾಲುಗಂಟೆಯೊಳಗೆ ಮತ್ತೆ ಮೈ ಅಂಟಂಟು. ಬೆವರುಸಾಲೆ, ಗಜಕರ್ಣ ಮೊದಲಾದ ಚರ್ಮದ ಉಪದ್ರವಗಳು ಇದರ ಸಂತಾನ. ಆದುದರಿಂದ ಕರಾವಳಿಗೆ ಬರುವವರು ಬಿಗಿಯಾದ ನೂಲಿನ ಉಡುಪುಗಳನ್ನು ಬಯಲುಸೀಮೆಯಲ್ಲಿಯೇ ಬಿಟ್ಟು ತೆಳ್ಳನೆಯ ಹತ್ತಿಯ ಬಟ್ಟೆಗಳನ್ನು ತರತಕ್ಕದ್ದು.

ಈ ಕಷ್ಟಕ್ಕೆ ಕಡಲು ತಾನೇ ಪರಿಹಾರವನ್ನೂ ಒದಗಿಸಿದೆ. ನೆಲವು ಬೇಗನೆ ಕಾಯುತ್ತದೆ, ನೀರು ನಿಧಾನವಾಗಿ. ಕಾದ ನೆಲದ ಮೇಲಿನ ಗಾಳಿ ಹಗುರವಾಗಿ ಏರುತ್ತಲೆ, ಆ ಸ್ಥಳವನ್ನು ತುಂಬಲು ಕಡಲಿನ ಮೇಲಣ ತಂಪಾದ ಗಾಳಿಯು ನುಗ್ಗಿ ಬರುತ್ತದೆ. ರಾತ್ರಿಯಲ್ಲಿ ನೆಲವು ಬೇಗನೆ ಆರುವುದರಿಂದ ಗಾಳಿಯ ದಿಕ್ಕು ತಿರುಗುತ್ತದೆ. ಯಂತ್ರದ ದೋಣಿಗಳು ಬರುವುದಕ್ಕೆ ಮೊದಲು ನಮ್ಮ ಮೊಗವೀರರು ನಸುಕಿನ ನೆಲಗಾಳಿಗೆ ಹಾಯಿ ಬಿಚ್ಚಿ ಹೋಗಿ, ಮಧ್ಯಾಹ್ನದ ಕಡಲಗಾಳಿಯಲ್ಲಿ ಮರಳುತ್ತಿದ್ದುದು ಈ ಕ್ರಮವನ್ನೇ ನಂಬಿ. ಪಡುವಣ ದಿಕ್ಕಿಗೆ ಕಿಟಕಿಗಳುಳ್ಳ ಮನೆಯ ಚಾವಡಿಯಲ್ಲಿ ಊಟದ ನಂತರ ಚಾಪೆ ಹಾಸಿ ಮಲಗಿದವನಿಗೆ ಆ ಗಾಳಿಯು ಕೊಡುವ ನಿದ್ರೆಯನ್ನು ಯಾವ ಫ್ಯಾನೂ ಕೊಡಲಾರದು. ಆ ಕಿಟಕಿಗೆ ಅಡ್ಡವಾಗಿ ನೆರೆಯವರ ನಾಲ್ಕಂತಸ್ತಿನ ಕಟ್ಟಡವೆದ್ದರೆ ಮಾತ್ರ ಸುಖವು ಅಲ್ಲಿಗೆ ಮುಗಿಯಿತು. ಮನೆ ಕೊಳ್ಳುವವರು ಪಡುವಣ ಬದಿಯ ಖಾಲಿ ನಿವೇಶನ ಯಾರದೆಂದು ವಿಚಾರಿಸುವುದು ಒಳ್ಳೆಯದು.

ಇನ್ನು ಮಳೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿನ ಆಸುಪಾಸು ಸುರಿದರೆ ಮಂಗಳೂರಿನಲ್ಲಿ 3,500ಕ್ಕೂ ಮಿಗಿಲು; ಅದರಲ್ಲಿ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ಜೂನಿನಿಂದ ಸೆಪ್ಟೆಂಬರಿನೊಳಗಿನ ನಾಲ್ಕೇ ತಿಂಗಳುಗಳಲ್ಲಿ. ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯಂದು, ಎಂದರೆ ಮೇ ತಿಂಗಳ ಕೊನೆಯ ಭಾಗದಲ್ಲಿ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ದೋಣಿಗಳು ಸರಕಾರದ ಆಜ್ಞೆಯಂತೆ ದಡದಲ್ಲಿಯೇ ಇರುತ್ತವೆ. ಹೊರಗಿನ ವ್ಯವಹಾರವು ಕುಗ್ಗಿ ಸಂಸಾರವು ಒಲೆಯ ಸುತ್ತ ಸೇರುವ ಕಾಲವದು. ಅದಕ್ಕೆ ಬೇಕಾದ ಸಿದ್ಧತೆಯನ್ನು ನಮ್ಮ ಅಜ್ಜಿಯಂದಿರು ಬೇಸಗೆಯಲ್ಲಿಯೇ ಮುಗಿಸುತ್ತಿದ್ದರು: ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಸೊಳೆ, ಬೇಯಿಸಿ ಒಣಗಿಸಿದ ಹಲಸಿನ ಬೀಜದ ಸಾಂತಾಣಿ, ಭರಣಿ ತುಂಬ ಮಾವಿನ ಮಿಡಿ, ಒಣಗಿದ ಪುನರ್ಪುಳಿಯ ಸಿಪ್ಪೆ; ಮೀನು ತಿನ್ನುವವರಲ್ಲಿ ಒಣಮೀನು. ಮಳೆಯು ತಾನೂ ಬರಿಗೈಯಲ್ಲಿ ಬರುವುದಿಲ್ಲ. ಪತ್ರೊಡೆಗೆ ಕೆಸುವಿನ ಎಲೆ, ಪಲ್ಯಕ್ಕೆ ಕಣಿಲೆ, ತಂಬುಳಿಗೆ ಒಂದೆಲಗ, ಎಲ್ಲವೂ ಬೇಲಿಯ ಬುಡದಲ್ಲಿಯೇ ಹುಟ್ಟುತ್ತವೆ. ಹೆಂಚಿನ ಮೇಲೆ ಮಳೆ ಬಡಿಯುತ್ತಿರುವಾಗ ಕುಚ್ಚಲಕ್ಕಿಯ ಬಿಸಿ ಗಂಜಿ, ಒಂದು ಮಿಡಿ, ಕೆಂಡದಲ್ಲಿ ಸುಟ್ಟ ಹಪ್ಪಳ ಇವುಗಳ ಮುಂದೆ ಕುಳಿತ ಕರಾವಳಿಗನು ಯಾವ ಮಹಾರಾಜನನ್ನೂ ಲೆಕ್ಕಿಸುವವನಲ್ಲ.

ಆದರೆ ಆಟಿಯಲ್ಲಿ ಕಪಾಟನ್ನು ತೆರೆದು ನೋಡಬೇಕು! ಚರ್ಮದ ಚಪ್ಪಲಿಗೆ ಹಸುರು ಬೂಷ್ಟು, ಮದುವೆಯ ಪಟ್ಟೆಸೀರೆಗೆ ಕಲೆ, ಪುಸ್ತಕದ ರಟ್ಟಿಗೆ ಬಿಳಿಯ ಹುಡಿ. ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಹತ್ತುವುದಿಲ್ಲ, ಹಗ್ಗದಲ್ಲಿ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹಿಂದಿನ ಮನೆಗಳಲ್ಲಿ ಒಲೆಯ ಮೇಲುಗಡೆಯೇ ಅಟ್ಟವಿದ್ದು, ಸೌದೆಯ ಹೊಗೆಯಿಂದ ಬೀಜ, ಕೊಬ್ಬರಿಗಳು ಹುಳು ಹಿಡಿಯದೆ ಬೆಚ್ಚಗೆ ಉಳಿಯುತ್ತಿದ್ದವು. ಹೊಗೆಯು ಅಟ್ಟವನ್ನು ಕಾಯುತ್ತಿತ್ತು ನಿಜ, ಅಡಿಗೆಯವಳ ಕಣ್ಣನ್ನು ಕಾಯುತ್ತಿರಲಿಲ್ಲ. ಅನಿಲದ ಒಲೆಯು ಬಂದುದಕ್ಕೆ ನಾವು ದುಃಖಿಸುವವರಲ್ಲ. ಈಗಿನ ಸಂಸಾರಗಳು ಮುಚ್ಚಳ ಬಿಗಿಯಾದ ಡಬ್ಬಿಗಳನ್ನು ಬಳಸಿ, ಪಟ್ಟೆಸೀರೆ ಪುಸ್ತಕಗಳನ್ನು ಮೇ ತಿಂಗಳಲ್ಲೊಮ್ಮೆ ಅಕ್ಟೋಬರಿನಲ್ಲೊಮ್ಮೆ ಎಳೆಬಿಸಿಲಿಗೆ ತೋರಿಸಿದರೆ ನಷ್ಟವು ಬಹಳ ಮಟ್ಟಿಗೆ ತಪ್ಪುತ್ತದೆ.

ಮನೆಯ ಮಾಡಿನ ವಿಷಯದಲ್ಲಿ ಮಾತ್ರ ಹಳಬರೇ ಬುದ್ಧಿವಂತರು. ಕಡಿಯುವಾಗ ಮೆದುವಾಗಿದ್ದು ಗಾಳಿ ತಗುಲಿದ ಮೇಲೆ ಗಟ್ಟಿಯಾಗುವ ಮುರಕಲ್ಲಿನ ಗೋಡೆ, ಕಡಿದಾದ ಇಳಿಜಾರಿನ ಮಾಡು, ಗೋಡೆಯನ್ನು ದಾಟಿ ಬಹು ದೂರ ಚಾಚಿದ ಸೂರು, ಮಳೆಗಾಲಕ್ಕೆ ಜಗಲಿಯ ಮುಂದೆ ತೆಂಗಿನ ಮಡಲಿನ ತಟ್ಟಿ. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ಈ ಮಾಡುಗಳಿಗೆ ಕೆಂಪು ಹೆಂಚು ಬಂತು. ಮಂಗಳೂರಿನ ಹೆಂಚೆಂಬ ಹೆಸರು ದೂರದೇಶಗಳಿಗೂ ಮುಟ್ಟಿತು. ಈಗ ಎಲ್ಲರಿಗೂ ಬೇಕಾದುದು ಚಪ್ಪಟೆಯ ತಾರಸಿ. ಕಡಲಿನ ಗಾಳಿಯ ಉಪ್ಪು ಕಾಂಕ್ರೀಟಿನೊಳಕ್ಕೆ ಇಳಿದು ಕಬ್ಬಿಣವನ್ನು ತಿನ್ನುತ್ತದೆ, ತುಕ್ಕು ಹಿಡಿದ ಕಬ್ಬಿಣವು ಉಬ್ಬಿ ಮೇಲಣ ಗಾರೆಯನ್ನು ಸೀಳುತ್ತದೆ, ಸೀಳಿನಲ್ಲಿ ಮಳೆನೀರು. ಕೊನೆಗೆ ಯಜಮಾನನು ತಾರಸಿಯ ಮೇಲೊಂದು ತಗಡಿನ ಮಾಡನ್ನು ಹಾಕಿಸುತ್ತಾನೆ. ಎರಡು ಮಾಡಿನ ಮನೆಗಳನ್ನು ನೋಡಬೇಕಾದರೆ ಮಂಗಳೂರಿನ ಯಾವ ಬೀದಿಗೆ ಹೋದರೂ ಸಾಕು. ಪಾತ್ರೆಯಲ್ಲಿ, ತೊಟ್ಟಿಯಲ್ಲಿ, ಕಟ್ಟುತ್ತಿರುವ ಮನೆಯ ಮೂಲೆಯಲ್ಲಿ ನೀರು ನಿಂತಲ್ಲೆಲ್ಲ ಸೊಳ್ಳೆ. 1990ರ ದಶಕದಿಂದ ಮಂಗಳೂರು ಮಲೇರಿಯದಿಂದ ಬಹಳ ನರಳಿತು. ಸೊಳ್ಳೆಪರದೆಯನ್ನು ಮರೆಯಬಾರದು.

ಇಷ್ಟನ್ನು ಓದಿದವರು ಕರಾವಳಿಯಲ್ಲಿ ನೀರಿನ ಬಾಧೆಯೆಂದರೆ ಅತಿಯಾದ ನೀರಿನ ಬಾಧೆಯೇ ಎಂದು ಭಾವಿಸಬಹುದು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಉಕ್ಕಿ ಬಂಟ್ವಾಳ, ಪಾಣೆಮಂಗಳೂರುಗಳನ್ನು ಮುಳುಗಿಸಿದುದು ಹಿರಿಯರ ಬಾಯಲ್ಲಿ ಉಳಿದಿದೆ. ಆದರೆ ಅದೇ ನೇತ್ರಾವತಿಯ ನೀರನ್ನು ತುಂಬೆಯ ಅಣೆಕಟ್ಟಿನಿಂದ ಕುಡಿಯುವ ಮಂಗಳೂರು ನಗರದಲ್ಲಿ 2016ರ ಮತ್ತು 2019ರ ಬೇಸಗೆಗಳಲ್ಲಿ ನಲ್ಲಿಯ ನೀರನ್ನು ಸರದಿಯಂತೆ ಬಿಡಬೇಕಾಯಿತೆಂದರೆ ಹೊರಗಿನವರು ನಂಬುವುದು ಕಷ್ಟ. ಘಟ್ಟವು ಕಡಲಿಗೆ ಹತ್ತಿರ, ನದಿಗಳು ಗಿಡ್ಡ, ಮುರಕಲ್ಲಿನ ನೆಲವು ಜರಡಿಯಂತೆ ತೂತು. ಬಿದ್ದ ನೀರು ನಿಲ್ಲದೆ ಕಡಲನ್ನು ಸೇರುತ್ತದೆ. ಮಾರ್ಚಿಯ ಹೊತ್ತಿಗೆ ಹೊಳೆಯ ಸೆಳೆತ ಕುಗ್ಗಲು, ಭರತದ ಉಪ್ಪುನೀರು ಅಳಿವೆಯಿಂದ ಮೇಲಕ್ಕೆ ಏರಿ ದಂಡೆಯ ಬಾವಿಗಳು ಉಪ್ಪಾಗುತ್ತವೆ.

ನಮ್ಮವರು ಇದನ್ನು ಅರಿಯದವರಲ್ಲ. ಮಳೆ ನಿಂತ ಮೇಲೆ ತೋಡುಗಳಿಗೆ ಮಣ್ಣು ಸೊಪ್ಪುಗಳ ಕಟ್ಟ ಕಟ್ಟುವುದು, ಗುಡ್ಡದ ಮೇಲೆ ಮದಕವನ್ನು ಉಳಿಸುವುದು, ಗುಡ್ಡದ ಹೊಟ್ಟೆಯಲ್ಲಿ ಅಡ್ಡವಾಗಿ ಸುರಂಗ ಕೊರೆದು ಒಸರನ್ನು ಹೊರಗೆ ತರುವುದು ಇವೆಲ್ಲ ಹಳೆಯ ವಿದ್ಯೆಗಳು. ಬಂಟ್ವಾಳ ತಾಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆಯತೊಡಗಿ, ಐದು ಸಲ ನೀರು ಕಾಣದೆ, ಆರನೆಯ ಸುರಂಗದಲ್ಲಿ ನೀರು ಕಂಡು ತೋಟವನ್ನೆಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಪೇಟೆಯಲ್ಲಿ ಮನೆ ಮಾಡುವವರು ಸುರಂಗ ಕೊರೆಯಬೇಕಾಗಿಲ್ಲ. 100 ಚದರ ಮೀಟರಿನ ಒಂದು ಮಾಡಿನ ಮೇಲೆ 3,500 ಮಿಲಿಮೀಟರು ಮಳೆ ಬಿದ್ದರೆ ಆ ನೀರು 3,50,000 ಲೀಟರು. ದಿನಕ್ಕೆ 500 ಲೀಟರು ಬಳಸುವ ಸಂಸಾರಕ್ಕೆ 700 ದಿನಗಳ ಖರ್ಚು. ಅದರಲ್ಲಿ ಒಂದಂಶವನ್ನಾದರೂ ಸೋಸಿ ಬಾವಿಗೆ ಇಳಿಸುವ ಬದಲು, ಅಂಗಳಕ್ಕೆಲ್ಲ ಕಲ್ಲು ಹಾಸಿ ಹನಿ ನೀರೂ ಇಂಗದಂತೆ ಮಾಡಿ, ಏಪ್ರಿಲಿನಲ್ಲಿ ಟ್ಯಾಂಕರಿಗೆ ಹಣ ತೆರುವ ಗೃಹಸ್ಥರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ.

ಕಡಲಂಚಿನಲ್ಲಿಯೇ ನಿವೇಶನ ಕೊಳ್ಳುವ ಆಸೆಯನ್ನಂತೂ ಬಿಡತಕ್ಕದ್ದು. ಡಿಸೆಂಬರಿನಲ್ಲಿ ಕಂಡ ವಿಶಾಲವಾದ ಮರಳು ಜೂನಿನಲ್ಲಿ ಇರುವುದಿಲ್ಲ. ಮಳೆಗಾಲದ ತೆರೆಗಳು ಅದನ್ನು ಒಳಕ್ಕೆ ಸೆಳೆದು, ಗಾಳಿ ಶಾಂತವಾದ ಮೇಲೆ ಮೆಲ್ಲನೆ ಹಿಂದಕ್ಕೆ ಕೊಡುತ್ತವೆ. ಕೆಲವೆಡೆ ಕೊಡುವುದೇ ಇಲ್ಲ. ಉಳ್ಳಾಲದಲ್ಲಿ ಮನೆಗಳೂ ತೆಂಗಿನ ಮರಗಳೂ ಕಡಲ ಪಾಲಾದುದನ್ನು ಎಲ್ಲರೂ ಬಲ್ಲರು. ದಡದ ಕಟ್ಟಡಗಳಿಗೆ 1991ರಿಂದ ಕೇಂದ್ರ ಸರಕಾರದ ನಿರ್ಬಂಧವೂ ಇದೆ. ಮಕ್ಕಳು ಬೆಂಗಳೂರಿನಲ್ಲಿರುವ ವೃದ್ಧರು ಘಟ್ಟದ ದಾರಿಯನ್ನೂ ನೆನೆಯಬೇಕು: 2018ರ ಆಗಸ್ಟಿನಲ್ಲಿ ಗುಡ್ಡ ಜರಿದು ಶಿರಾಡಿ, ಸಂಪಾಜೆಗಳ ರಸ್ತೆಗಳೂ ಬೆಂಗಳೂರಿನ ರೈಲುಮಾರ್ಗವೂ ಮುಚ್ಚಿದ್ದವು. ವೈದ್ಯಕೀಯದ ಅನುಕೂಲವು ಮಂಗಳೂರು, ಮಣಿಪಾಲಗಳಲ್ಲಿ ಧಾರಾಳವಾಗಿದೆ. ಆ ಚಿಂತೆ ಬೇಡ. ಭಾಷೆಯ ಚಿಂತೆಯೂ ಬೇಡ. ಬೀದಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆಗಳು ಕೇಳಿಸಿದರೂ, ಮನೆಯಲ್ಲಿ ಬೇರೆ ಭಾಷೆಯನ್ನಾಡಿ ಶಾಲೆಯಲ್ಲಿ ಕನ್ನಡ ಕಲಿತವರೇ ಬಹುಮಂದಿ. ಪುಸ್ತಕದ ಕನ್ನಡವನ್ನು ಮಾತನಾಡಿದರೆ ಇಲ್ಲಿ ಯಾರೂ ನಗುವುದಿಲ್ಲ.

ಆದ ಕಾರಣ ಪತ್ರ ಬರೆದ ಮಹಾಶಯರು ಉಳಿತಾಯದ ಹಣವನ್ನು ಸದ್ಯಕ್ಕೆ ಮುಟ್ಟದೆ, ಕಡಲಿನಿಂದ ಎರಡು ಮೂರು ಮೈಲಿ ಒಳಗೆ, ಹೆಂಚಿನ ಮಾಡುಳ್ಳ ಒಂದು ಮನೆಯನ್ನು ಹನ್ನೊಂದು ತಿಂಗಳಿಗೆ ಬಾಡಿಗೆಗೆ ಹಿಡಿಯಲಿ. ಮೇ ತಿಂಗಳ ಮೊದಲಲ್ಲಿಯೇ ಬಂದರೆ ಕಡುಸೆಕೆಯೂ ಮೊದಲ ಮಳೆಯೂ ಒಟ್ಟಿಗೇ ತಿಳಿಯುತ್ತವೆ. ಆಟಿಯ ಬೂಷ್ಟನ್ನು ಒರಸಿ, ಪತ್ರೊಡೆಯನ್ನು ತಿಂದ ಮೇಲೆ ತೀರ್ಮಾನವನ್ನು ಗೃಹಿಣಿಯವರಿಗೇ ಒಪ್ಪಿಸಲಿ; ಕಪಾಟು, ಭರಣಿ, ಬಾವಿಗಳ ಯೋಗಕ್ಷೇಮ ಹೆಚ್ಚಾಗಿ ಅವರ ಮೇಲೆಯೇ ಬೀಳತಕ್ಕದ್ದು. ಕೊಳ್ಳುವುದೆಂದು ನಿಶ್ಚಯವಾದರೆ ಮುಂಗಡ ಕೊಡುವ ಮುನ್ನ ಏಪ್ರಿಲಿನ ಕೊನೆಯ ವಾರದಲ್ಲಿ ಆ ಮನೆಯ ಬಾವಿಯಿಂದ ಒಂದು ಕೊಡ ನೀರನ್ನು ತಾವೇ ಸೇದಿ, ಹಗ್ಗವೆಷ್ಟು ಇಳಿಯಿತೆಂದು ಅಳೆದು, ಕುಡಿದು ನೋಡಲಿ.