ನೀಹಾರಿಕೆಯ ಬಣ್ಣ: ಸತ್ಯವೆಷ್ಟು, ಕಲೆಯೆಷ್ಟು?

ಮಾಯಸಂದ್ರದ ತೆಂಗಿನ ತೋಟದಲ್ಲಿ ನಿಂತು ನೋಡುವವರ ಕಣ್ಣಿಗೆ ನಕ್ಷತ್ರಗಳು ಬಹುಪಾಲು ಬಿಳಿಯ ಚುಕ್ಕೆಗಳು. ಅದೇ ಆಕಾಶ ಮೊಬೈಲ್ ಪರದೆಯ ಮೇಲೆ ಕೆಂಪು, ನೀಲಿ, ಹೊಂಬಣ್ಣಗಳಲ್ಲಿ ಮೂಡುತ್ತದೆ. 2022ರ ಜುಲೈನಲ್ಲಿ ಜೇಮ್ಸ್ ವೆಬ್ ದೂರದರ್ಶಕದ ಮೊದಲ ವರ್ಣಚಿತ್ರಗಳು ಬಿಡುಗಡೆಯಾದಾಗ, ಇವು ನಿಜವೇ ಅಥವಾ ಕಂಪ್ಯೂಟರಿನ ಕೈಚಳಕವೇ ಎಂಬ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತಿತು. ಪ್ರಶ್ನೆ ನ್ಯಾಯವಾದದ್ದೇ.

ದೂರದರ್ಶಕ ಕಳುಹಿಸುವುದು ಬಣ್ಣದ ಚಿತ್ರವನ್ನಲ್ಲ, ಅಂಕಿಗಳನ್ನು. ಒಂದೊಂದು ಶೋಧಕದ ಮೂಲಕ ಬಂದ ಬೆಳಕು ಒಂದೊಂದು ಕಪ್ಪು-ಬಿಳುಪಿನ ಪಟವಾಗುತ್ತದೆ. ಮಸುಕಾದ ಭಾಗಗಳು ಕಾಣುವಂತೆ ಹೊಳಪನ್ನು ಹಿಗ್ಗಿಸಿ, ಉಪಕರಣದಿಂದ ಬಂದ ಕಲೆಗಳನ್ನು ತೆಗೆಯಲಾಗುತ್ತದೆ. ಬಳಿಕ ಉದ್ದನೆಯ ತರಂಗಾಂತರಕ್ಕೆ ಕೆಂಪು, ನಡುವಿನದಕ್ಕೆ ಹಸಿರು, ಕಿರಿದಕ್ಕೆ ನೀಲಿ ಕೊಟ್ಟು ಪಟಗಳನ್ನು ಒಂದುಗೂಡಿಸುವುದು ಸಾಮಾನ್ಯ ರೂಢಿ. ಈ ಕ್ರಮ ವಿಜ್ಞಾನದ್ದು, ಹದ ಕಲಾವಿದನದು.

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. 2015ರ ಸೆಪ್ಟೆಂಬರ್ 28ರಂದು ಉಡಾವಣೆಗೊಂಡ ಇಸ್ರೋದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದದ್ದು. ನೇರಳಾತೀತಕ್ಕೆ ಮನುಷ್ಯನ ಕಣ್ಣಿನಲ್ಲಿ ಬಣ್ಣವೇ ಇಲ್ಲ. ನಾವು ಕೊಟ್ಟದ್ದೇ ಬಣ್ಣ. ಹಾಗೆಂದು ಅದು ಕಂಡದ್ದು ಸುಳ್ಳಲ್ಲ. ಚಿಟ್ಟೆ ನೀಹಾರಿಕೆ ಹೊರಚೆಲ್ಲಿದ ಅನಿಲವು ಸಾಮಾನ್ಯ ಬೆಳಕಿನಲ್ಲಿ ತೋರುವ ಅಂಚನ್ನು ಮೀರಿ ಬಹುದೂರ ಹರಡಿದೆ ಎಂಬುದನ್ನು ಈ ದೂರದರ್ಶಕವೇ ತೋರಿಸಿತು. ಆ ಅಧ್ಯಯನ 2018ರಲ್ಲಿ ಪ್ರಕಟವಾಯಿತು.

ಬಾಗಾಯ್ತಿಗೆ ಹಸಿರು, ಖುಷ್ಕಿಗೆ ಹಳದಿ ಬಳಿದ ಮಾತ್ರಕ್ಕೆ ಊರಿನ ನಕ್ಷೆ ಸುಳ್ಳಾಗುವುದಿಲ್ಲ. ಆದರೆ ಯಾವ ಬಣ್ಣ ಯಾವುದಕ್ಕೆ ಎಂಬ ಸೂಚಿಯನ್ನು ಹರಿದುಹಾಕಿದರೆ ನಕ್ಷೆಯನ್ನು ನಂಬುವುದು ಹೇಗೆ? ಆಕಾಶದ ಚಿತ್ರಗಳಿಗೆ ಇಂದು ಒದಗಿರುವ ಗತಿ ಇದೇ. ಸಂಸ್ಥೆಗಳು ನೀಡುವ ವಿವರಣೆ ಬಹುಪಾಲು ಇಂಗ್ಲಿಷಿನಲ್ಲಿರುತ್ತದೆ; ಕೈಯಿಂದ ಕೈಗೆ ಸಾಗುವಾಗ ಅದೂ ಕಳಚಿಬೀಳುತ್ತದೆ. ಕೃತಕ ಬುದ್ಧಿಮತ್ತೆ ಕ್ಷಣಮಾತ್ರದಲ್ಲಿ ಇಲ್ಲದ ನೀಹಾರಿಕೆಯನ್ನೇ ಸೃಷ್ಟಿಸಬಲ್ಲ ಈ ಕಾಲದಲ್ಲಿ ವಿವರಣೆಯಿಲ್ಲದ ಅಸಲಿಗೂ ನಕಲಿಗೂ ವ್ಯತ್ಯಾಸ ಉಳಿಯುವುದಿಲ್ಲ.

ಪರಿಹಾರ ಕೈಗೆಟುಕದ್ದೇನಲ್ಲ. ಬಿಡದಿ ಸಮೀಪದ ಬ್ಯಾಲಾಳಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ ಮೂಲಕ ಆಸ್ಟ್ರೋಸ್ಯಾಟ್ ಸಂಗ್ರಹ 2018ರ ಸೆಪ್ಟೆಂಬರ್‌ನಲ್ಲಿಯೇ ಸಾರ್ವಜನಿಕರಿಗೆ ತೆರೆದಿದೆ. ಅದನ್ನು ಚಿತ್ರವಾಗಿಸುವ ತಂತ್ರಾಂಶಗಳೂ ಉಚಿತವಾಗಿ ಲಭ್ಯ. ಬೇಕಾಗಿರುವುದು ಕನ್ನಡದ ಕೈಪಿಡಿ, ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಎರಡು ಸಾಲಿನ ಬಣ್ಣದ ಸೂಚಿ. ಜನರ ಹಣದಿಂದ ಸಂಗ್ರಹವಾದ ಅಂಕಿಗಳಿಗೆ ತುರುವೇಕೆರೆ ತಾಲ್ಲೂಕಿನ ಶಾಲೆಯ ಮಕ್ಕಳೂ ಹಕ್ಕುದಾರರು. ಒಮ್ಮೆ ತಾನೇ ಬಣ್ಣ ತುಂಬಿದ ವಿದ್ಯಾರ್ಥಿಯನ್ನು ಸುಳ್ಳು ಚಿತ್ರದಿಂದ ಮರುಳು ಮಾಡುವುದು ಸುಲಭವಲ್ಲ.